ಎಷ್ಟು ಕೂರಿಗೆ ಮಕ್ಕಳು

ಸರಕಾರಿ ನೌಕರಿಯಲ್ಲಿ ನಾನಿದ್ದಷ್ಟು ದಿನವೂ ನನ್ನ ಸಿಟ್ಟು ನನ್ನ ಜೊತೆಗೇ ಹಾಜರಿ ಹಾಕಿತು. ಮೇಲಿನವರು ನನ್ನ ಗೌಪ್ಯ ವರದಿಯಲ್ಲಿ ‘ಪ್ರಾಮಾಣಿಕಳು, ಆದರೆ ಬಾಯಿ ಜೋರು’ ಎಂದು ಬರೆದಿದ್ದರಂತೆ. ಎರಡರಲ್ಲಿ ಬಾಯಿಯ ಮಾತು ಪೂರ್ತಿ ನಿಜ. ಪ್ರಾಮಾಣಿಕಳು ಅನ್ನುವುದು ಐದು ತಿಂಗಳ ಮಟ್ಟಿಗೆ ಸುಳ್ಳು. ಆ ಐದು ತಿಂಗಳ ಬಗ್ಗೆ ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಇಲಾಖೆಗೆ ಬರೆದುಕೊಟ್ಟೆ, ಅವರು ಓದಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯವಳು. ಓಣಿಯ ಎರಡೂ ಕಡೆ ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಸ್ವಾತಂತ್ರ್ಯ ಬಂತು. ನಾವಾಗ ಮುಂಬಯಿ ಸರಕಾರದವರು. ದಿಕ್ಕಿಲ್ಲದ ಮಕ್ಕಳನ್ನು ಕೋರ್ಟು ಸಂಬಂಧಿಕರ ಮನೆಗೆ ಒಪ್ಪಿಸಬಹುದು, ಒಪ್ಪಿಸಿದ ಮೇಲೆ ಒಬ್ಬರು ಹೋಗಿ ನೋಡುತ್ತಿರಬೇಕು ಎಂಬ ಕಾಯ್ದೆ ನಮ್ಮ ಕಡೆಗೂ ಜಾರಿಯಾಯಿತು. ನೋಡುವವರು ಅಡುಗೆಮನೆಯವರೆಗೆ ಹೋಗಬೇಕಾಗುತ್ತಿತ್ತು, ಆದ್ದರಿಂದ ಗಂಡಸರು ಹಿಂದೆ ಸರಿದರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ನನಗೆ ಹಿಂದೆ ಅಳುವ ಕೂಸಿರಲಿಲ್ಲ, ಮುಂದೆ ಬೈಯುವ ಅತ್ತೆಯಿರಲಿಲ್ಲ. ತಿರುಗಲಿ ಬಿಡು ಎಂದು ನನ್ನನ್ನು ಆ ಕೆಲಸಕ್ಕೆ ಹಾಕಿದರು. ಹುದ್ದೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಹಳ್ಳಿಗಳಲ್ಲಿ ಅದು ಯಾರ ನಾಲಿಗೆಗೂ ಹತ್ತಲಿಲ್ಲ. ಶಾಲೆಯಲ್ಲಿ ಕಲಿಸುವ ಹೆಂಗಸನ್ನು ನಮ್ಮಲ್ಲಿ ಅಕ್ಕಾರು ಅನ್ನುತ್ತಾರೆ, ನಾನು ‘ಮಕ್ಕಳ ಅಕ್ಕಾರು’ ಆಗಿ ಉಳಿದೆ.

ಕೆಲಸ ನನಗೆ ಹಿಡಿಸಿತು, ಇದನ್ನು ಮೊದಲೇ ಹೇಳಿಬಿಡಬೇಕು. ಪ್ರತಿ ಮಗುವಿನ ಮನೆಗೂ ತಿಂಗಳಿಗೊಮ್ಮೆ ಹೋಗಬೇಕು. ಏನು ಉಣ್ಣುತ್ತದೆ, ಶಾಲೆಗೆ ಹೋಗುತ್ತದೋ ಇಲ್ಲವೋ, ಬೆನ್ನ ಮೇಲೆ ಬರೆ ಇದೆಯೋ ನೋಡಬೇಕು. ‘ಛಲೋ ನೋಡ್ಕೋತೀರಾ?’ ಎಂದು ಕೇಳಿದರೆ ಯಾವ ಮನೆಯವರೂ ಇಲ್ಲ ಅನ್ನುವುದಿಲ್ಲ. ನಾನು ಅದನ್ನು ಕೇಳುತ್ತಲೇ ಇರಲಿಲ್ಲ. ‘ಕೂಸಿನ ಕೌದಿ ಎಲ್ಲೈತಿ, ತಗೊಂಡ ಬರ್ರಿ’ ಅನ್ನುತ್ತಿದ್ದೆ. ಮನೆಯ ಮಕ್ಕಳು ಹೊದೆಯುವ ಕೌದಿಗಳ ಜೊತೆ ಮಡಚಿಟ್ಟಿದ್ದರೆ ಒಂದು ಅರ್ಥ, ದನದ ಗೋದಲಿ ಕಡೆಯಿಂದ ತಂದರೆ ಇನ್ನೊಂದು. ಕೌದಿಯೇ ಇಲ್ಲ ಎಂದು ಮುಖ ಮುಖ ನೋಡಿಕೊಂಡರೆ ನಾನು ಅಲ್ಲೇ ಕುಂತು ಜಗಳ ಶುರು ಮಾಡುತ್ತಿದ್ದೆ. ಆಗ ನನ್ನ ಪಟ್ಟಿಯಲ್ಲಿ ನಲವತ್ತು ಮಕ್ಕಳು. ಗದಗ, ಬೆಟಗೇರಿ, ಹುಲಕೋಟಿ, ಸುತ್ತಲಿನ ಊರುಗಳು. ಕಣ್ಣು ಮುಚ್ಚಿದರೆ ನಲವತ್ತು ಮುಖಗಳೂ ಬರುತ್ತಿದ್ದವು.

ಅದರಲ್ಲಿ ಒಬ್ಬಳೇ ದೂರದವಳು. ಗದಗ ಸ್ಟೇಷನ್ನಿನ ನಲ್ಲಿಯ ಹತ್ತಿರ ಎರಡು ದಿನ ಒಂದೇ ಕಡೆ ಕೂತಿದ್ದ ಹುಡುಗಿ, ಎಂಟು ವರ್ಷ ಇರಬಹುದು. ತಾಯಿ ಹತ್ತಿಯ ಜಿನ್ನಿನಲ್ಲಿ ಕೂಲಿ ಮಾಡುತ್ತಿದ್ದವಳು, ಜ್ವರ ಬಂದು ಹಳಿಯ ಪಕ್ಕದ ಗುಡಿಸಲಿನಲ್ಲಿ ತೀರಿಕೊಂಡಿದ್ದಳು. ತಂದೆ ಅದಕ್ಕೂ ಮೊದಲೇ ಇರಲಿಲ್ಲ. ವಿಚಾರಿಸಿದಾಗ ಬೆಳ್ಳಟ್ಟಿಯಲ್ಲಿ ತಂದೆಯ ಅಣ್ಣನ ಮನೆ ಇದೆ ಎಂದು ತಿಳಿಯಿತು. ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಕೋರ್ಟಿಗೆ ಬಂದರು. ‘ನಮ್ಮ ರಕ್ತಾರಿ ಅದು’ ಎಂದು ದೊಡ್ಡವ್ವ ಕಣ್ಣೊರೆಸಿಕೊಂಡಳು. ಸಂಸ್ಥಾನ ಕರಗಿ ಶಿರಹಟ್ಟಿ ಸೀಮೆ ನಮ್ಮ ಜಿಲ್ಲೆಗೆ ಸೇರಿದ್ದು ಆಗಷ್ಟೇ. ದೂರವಾದರೂ ಬಂಧುಗಳ ಮನೆಯಲ್ಲವೇ ಎಂದು ನಾನೂ ಸಂತೋಷದಿಂದ ಒಪ್ಪಿದೆ.

ಒಂದು ತಿಂಗಳಾದ ಮೇಲೆ ನೋಡಲು ಹೋದೆ. ಶಿರಹಟ್ಟಿಯತನಕ ಸರ್ವಿಸ್ ಮೋಟಾರು, ಅಲ್ಲಿಂದ ಯಾರದೋ ಎತ್ತಿನ ಚಕ್ಕಡಿ. ವೈಶಾಖದ ಬಿಸಿಲು. ಹುಡುಗಿ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಬಲಗೈಗೆ ಹಳೇ ಸೀರೆಯ ಚೂರು ಸುತ್ತಿದ್ದರು, ಮುಷ್ಟಿ ಕಟ್ಟಿಸಿ, ಬಿಗಿಯಾಗಿ.

‘ರೊಟ್ಟಿ ಹಂಚಿನ ಮ್ಯಾಲೆ ಕೈ ಊರಿಬಿಟ್ಲರಿ,’ ಅಂದಳು ದೊಡ್ಡವ್ವ. ‘ಎಣ್ಣಿ, ಸುಣ್ಣದ ತಿಳಿ ಕೂಡಿಸಿ ಹಚ್ಚೀವಿ.’

‘ಎಂಟು ವರ್ಷದ ಕೂಸಿನ ಕಡಿಂದ ರೊಟ್ಟಿ ಬಡಸ್ತೀರೇನು?’

‘ಅಯ್ಯ, ಬಡಿಯಾಕಿ ನಾನರಿ. ಆಕಿ ಬರೇ ತಿರುವಿ ಹಾಕಾಕಿ.’

ನಾನು ಬೈದೆ. ಆಕೆ ಚಹಾ ಮಾಡಿಕೊಟ್ಟಳು. ಮತ್ತೆ ಬೈದೆ, ಚಹಾ ಕುಡಿದೆ. ಬಟ್ಟೆ ಬಿಚ್ಚಿ ನೋಡಿದರೆ ಅಂಗೈ ಪೂರ್ತಿ ಸುಲಿದಿತ್ತು. ಹುಡುಗಿ ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಕೌದಿ ಕೇಳಿದೆ. ಒಳಗಿನಿಂದ ಬಂತು, ಆದರೆ ಅದು ಅವಳದಲ್ಲ, ಮನೆಯ ಮಗನದು ಎಂದು ಗೊತ್ತಾಗುವ ಹಾಗಿತ್ತು. ಈ ಮನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಎದ್ದು, ಚಪ್ಪಲಿ ಮೆಟ್ಟಿ, ‘ಬರ್ತೀನವಾ’ ಅಂದೆ.

‘ಯಾವಾಗ?’ ಅಂದಳು ಹುಡುಗಿ.

ಅವಳು ಆ ದಿನ ಆಡಿದ ಒಂದೇ ಮಾತು ಅದು. ದೊಡ್ಡವ್ವ ನಕ್ಕಳು. ‘ಹುಚ್ಚಿ! ಹೋಗುವಾಗ ಹಂಗ ಅಂತಾರ.’ ನಾನೂ ನಕ್ಕೆ. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಅನ್ನಬಾರದು. ಅದು ಸಾಯುವವರ ಮಾತು. ಹೊಸ್ತಿಲ ಮೇಲೆ ನಿಂತು ಹಾಗಂದರೆ ತಾಯಂದಿರು ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುತ್ತಾರೆ. ಬರ್ತೀನಿ ಅನ್ನಬೇಕು, ಉಳಿದವರು ಹೋಗಿ ಬರ್ರಿ ಅನ್ನಬೇಕು, ಅಲ್ಲಿಗೆ ಮುಗಿಯಿತು. ಯಾವಾಗ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಹಳಿಯ ಪಕ್ಕದ ಗುಡಿಸಲಿನಲ್ಲಿ ಬೆಳೆದ ಆ ಹುಡುಗಿಗೆ ಹೇಳಿ ಹೋಗುವಂಥವರು ಯಾರೂ ಇದ್ದಿರಲಿಲ್ಲ. ಅವಳಿಗೆ ಬರ್ತೀನಿ ಅಂದರೆ ಬರುವುದು. ಇದು ನನಗೆ ಆಗ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ‘ಅಮಾಸಿ ಆದ ಮರುದಿನಾನ ಬರ್ತೀನಿ’ ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶಿರಹಟ್ಟಿಯಲ್ಲಿ ದವಾಖಾನೆಯ ಕಂಪೌಂಡರನನ್ನು ಕೇಳಿದೆ. ಅವನು ತನ್ನ ಬೆರಳು ಅಗಲಿಸಿ ತೋರಿಸಿದ. ‘ಬೆರಳು ಬಿಚ್ಚಿ, ಬಿದಿರಿನ ದಬ್ಬಿ ಇಟ್ಟು ಕಟ್ಟಬೇಕ್ರಿ ಅಕ್ಕಾರ. ಮುಷ್ಟಿ ಕಟ್ಟಿ ಬಿಟ್ರ ಅಂಗೈಗೆ ಅಂಟಿಕೊಂಡು ಹಂಗ ಮಾಯ್ತಾವ. ಹದಿನೈದು ದಿನದಾಗ ಗದಗಿನ ದೊಡ್ಡ ದವಾಖಾನಿಗೆ ಒಯ್ರಿ.’ ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಮನೆಗೆ ಬಂದ ಮೂರನೇ ದಿನ ಧಾರವಾಡದ ಕಚೇರಿಯಿಂದ ಹುಕುಂ ಬಂತು. ಹೊಸದಾಗಿ ಸೇರಿದ ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆಯ ಮಕ್ಕಳನ್ನೆಲ್ಲ ನಾನೇ ನೋಡಬೇಕು. ಅದೇ ವಾರ ಮುಂಡರಗಿ ಕಡೆ ನೋಡುತ್ತಿದ್ದ ಮಾಸ್ತರರು ಸಾಕಪ್ಪ ಸಾಕು ಎಂದು ಶಾಲೆಗೆ ಮರಳಿ ಹೋದರು, ಅವರ ಪಟ್ಟಿಯೂ ನನಗೇ. ನಲವತ್ತು ಇದ್ದದ್ದು ನೂರಾ ಹನ್ನೊಂದಾಯಿತು. ಸಾಹೇಬರು ಮುಂಬಯಿ ಕಡೆಯವರು, ಕೆಟ್ಟವರಲ್ಲ. ಗೋಡೆಯ ಮೇಲೆ ನಕಾಶೆ ಇಟ್ಟುಕೊಂಡಿದ್ದರು. ನಕಾಶೆಯಲ್ಲಿ ಗದಗಿನಿಂದ ಮುಂಡರಗಿಗೆ ನಾಲ್ಕು ಬೆರಳು, ಲಕ್ಷ್ಮೇಶ್ವರಕ್ಕೆ ನಾಲ್ಕು ಬೆರಳು. ನಾಲ್ಕು ಬೆರಳು ನಡೆಯುವುದಕ್ಕೆ ಯಾರಿಗೆ ಕಷ್ಟ?

ಮಳೆ ಹಿಡಿಯಿತು. ನಮ್ಮ ಕಪ್ಪು ಎರೆ ನೆಲದಲ್ಲಿ ಮಳೆಗಾಲದಲ್ಲಿ ನಡೆದವರಿಗೇ ಗೊತ್ತು, ಹತ್ತು ಹೆಜ್ಜೆಗೆ ಕಾಲು ಎರಡರಷ್ಟು ದಪ್ಪ. ಮುಂಡರಗಿ ಕಡೆಯ ಒಂದು ಮಗುವನ್ನು ನೋಡಲು ಹೋದವಳು ಹಳ್ಳ ತುಂಬಿ ಮೂರು ದಿನ ಅಲ್ಲೇ ಉಳಿದೆ. ಲಕ್ಷ್ಮೇಶ್ವರದ ಪಟ್ಟಿಯಲ್ಲಿದ್ದ ಅರ್ಧ ಮಕ್ಕಳು ಹೇಳಿದ ಮನೆಯಲ್ಲಿರಲಿಲ್ಲ, ಅವರನ್ನು ಹುಡುಕುವುದೇ ಒಂದು ಕೆಲಸವಾಯಿತು. ಒಂದು ಕಡೆ ಅವಳಿ ಹುಡುಗರು ದನ ಕಾಯುವ ಮನೆಯಿಂದ ಓಡಿಹೋಗಿದ್ದರು, ಅವರ ಹಿಂದೆ ಎಂಟು ದಿನ. ಅಮಾವಾಸ್ಯೆ ಆ ಎಂಟು ದಿನಗಳ ನಡುವೆ ಬಂದು ಹೋಯಿತು. ನೆನಪಿರಲಿಲ್ಲ ಅನ್ನಲಾರೆ, ನೆನಪಿತ್ತು. ಮುಂದಿನ ವಾರ ಎಂದುಕೊಂಡೆ. ಶಿರಹಟ್ಟಿಯ ಮೋಟಾರಿನವನ ಕೈಯಲ್ಲಿ ‘ಹುಡುಗಿಯನ್ನು ದವಾಖಾನೆಗೆ ತರಬೇಕು’ ಎಂದು ಚೀಟಿ ಕೊಟ್ಟೆ. ಚೀಟಿ ಮುಟ್ಟಿತೋ ಇಲ್ಲವೋ, ಮುಟ್ಟಿದ್ದರೂ ಓದುವವರಿದ್ದರೋ ಇಲ್ಲವೋ, ದೇವರಿಗೆ ಗೊತ್ತು.

ಆಮೇಲೆ ನಾನು ಒಂದು ಉಪಾಯ ಕಲಿತೆ. ಅದನ್ನು ಮನಸ್ಸಿನಲ್ಲಿ ‘ಸಂತೆ ಭೇಟಿ’ ಎಂದು ಕರೆಯುತ್ತಿದ್ದೆ. ಸಂತೆಯ ದಿನ ಊರೂರಿನವರು ಬರುತ್ತಾರಲ್ಲ. ಮಗುವನ್ನು ಇಟ್ಟುಕೊಂಡವರು ಸಿಕ್ಕರೆ ಅಲ್ಲೇ ಕೇಳುವುದು, ‘ಕೂಸು ಆರಾಮೇನ್ರಿ?’ ಅವರು ಅನ್ನುವುದು, ‘ಆರಾಮರಿ.’ ನಮ್ಮ ಕಡೆ ಆರಾಮ ಎಂಬುದು ಉತ್ತರವಲ್ಲ, ನಮಸ್ಕಾರ. ಮೈ ಸುಡುವ ಜ್ವರವಿದ್ದವರೂ ಮೊದಲು ಆರಾಮ ಅಂದು ಆಮೇಲೆ ಜ್ವರದ ಮಾತು ತೆಗೆಯುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಾನೂ ಇಲ್ಲಿಯೇ ಹುಟ್ಟಿದವಳು. ಆದರೂ ಕಚೇರಿಗೆ ಕಳಿಸುವ ದಿನಚರಿಯ ‘ಭೇಟಿ’ ಎಂಬ ಕಾಲಮ್ಮಿನಲ್ಲಿ ತಾರೀಖು ಹಾಕಿ ಪಕ್ಕಕ್ಕೆ ‘ಆರಾಮ’ ಎಂದು ಬರೆಯತೊಡಗಿದೆ. ಒಂದು ಸಂತೆಗೆ ಏಳೆಂಟು ಮಕ್ಕಳು ಆರಾಮಾಗುತ್ತಿದ್ದರು. ಸಾಹೇಬರು ‘ಕೆಲಸ ಸುಧಾರಿಸಿದೆ’ ಎಂದು ಬರೆದು ಕಳಿಸಿದರು.

ಬೆಳ್ಳಟ್ಟಿಯ ದೊಡ್ಡಪ್ಪ ಗದಗಿನ ಹತ್ತಿ ಪ್ಯಾಟಿಯಲ್ಲಿ ಎರಡು ಸಲ ಸಿಕ್ಕ.

‘ಹುಡುಗಿ ಕೈ ಹೆಂಗೈತ್ರಿ?’

‘ಮಾಯ್ದೈತ್ರಿ ಅಕ್ಕಾರ. ಆರಾಮ ಅದಾಳ.’

ಗಾಯ ಮಾಯ್ದಿದೆ, ಆರಾಮ, ಎಂದು ಬರೆದುಕೊಂಡೆ. ಅವನು ಸುಳ್ಳು ಹೇಳಿರಲಿಲ್ಲ. ಗಾಯ ನಿಜವಾಗಿಯೂ ಮಾಯ್ದಿತ್ತು. ಹೇಗೆ ಮಾಯ್ದಿದೆ ಎಂದು ನಾನು ಕೇಳಲಿಲ್ಲ, ಆ ಹೊತ್ತಿಗೆ ಲಕ್ಷ್ಮೇಶ್ವರದ ಮೋಟಾರು ಹಾರ್ನ್ ಹೊಡೆಯುತ್ತಿತ್ತು.

ಹಿಂಗಾರಿ ಬಿತ್ತನೆಯ ಹೊತ್ತಿಗೆ, ಶಿರಹಟ್ಟಿಯ ಸಂತೆಯಲ್ಲಿ ನಾನು ಹೀಗೆ ಆರಾಮಗಳನ್ನು ಆರಿಸಿಕೊಳ್ಳುತ್ತಿದ್ದಾಗ ಒಬ್ಬ ಮುದುಕ ಬಂದು ನನ್ನ ಮುಂದೆ ನಿಂತ. ಮೊಣಕಾಲಿನ ಮೇಲೆ ಕಟ್ಟಿದ ಧೋತರ, ಹೆಗಲ ಮೇಲೆ ಬಾರುಕೋಲು.

‘ಮಕ್ಕಳ ಅಕ್ಕಾರು ನೀವ ಏನ್ರಿ?’

‘ಹೌದ್ರಿ ಯಜ್ಜ.’

‘ನಿಮ್ಮ ಊರಾಗ ಅಮಾಸಿ ಯಾವಾಗ ಬರ್ತೈತ್ರಿ?’

ತಮಾಷೆ ಎಂದುಕೊಂಡೆ. ಅವನು ನಗಲಿಲ್ಲ. ಬೆಳ್ಳಟ್ಟಿಯವನು, ಹುಡುಗಿಯ ದೊಡ್ಡಪ್ಪನ ಮನೆಗೆ ಹೊಂದಿಕೊಂಡ ಮನೆಯವನು. ಪ್ರತಿ ಅಮಾವಾಸ್ಯೆಯ ಮರುದಿನ ಹುಡುಗಿ ಬೆಳಿಗ್ಗೆ ಊರ ಬಾಗಿಲಿಗೆ, ಅಗಸಿಯ ಕಟ್ಟೆಗೆ, ಹೋಗಿ ಕೂರುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಎದ್ದು ಬರುತ್ತಾಳೆ ಎಂದ. ಕೆಲಸ ಬಿಟ್ಟು ಹೋಗಿದ್ದಕ್ಕೆ ಬಂದ ಮೇಲೆ ಏಟು. ‘ಐದ ಅಮಾಸಿ ಆದುವ್ರಿ ಅಕ್ಕಾರ. ಬರ್ತಾರ ಅಂತಾಳ. ನಮ್ಮ ಮುದುಕಿ ಹೇಳಿ ಸಾಕಾದ್ಲು, ಬರಂಗಿಲ್ಲವಾ, ಅದು ಬರೇ ಮಾತು ಅಂತ. ಕೇಳವಲ್ಲಳು.’

ಸಂತೆಯನ್ನು ಅಲ್ಲಿಗೇ ಬಿಟ್ಟು ಅವನ ಚಕ್ಕಡಿಯನ್ನೇ ಹತ್ತಿ ಬೆಳ್ಳಟ್ಟಿಗೆ ಹೋದೆ.

ಹುಡುಗಿ ಹಿತ್ತಿಲಲ್ಲಿ ಎಡಗೈಯಿಂದ ಮುಸುರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಬಲಗೈ ಮುಂದೆ ಚಾಚಿದಳು, ಶಾಲೆಯಲ್ಲಿ ಉಗುರು ತೋರಿಸುವ ಹಾಗೆ. ನಾಲ್ಕು ಬೆರಳುಗಳು ಅಂಗೈಗೆ ಬೆಸೆದುಕೊಂಡಿದ್ದವು, ಹೆಬ್ಬೆರಳು ಅವುಗಳ ಮೇಲೆ ಮಡಚಿಕೊಂಡಿತ್ತು. ಹೊಸ ಚರ್ಮ ನುಣ್ಣಗೆ, ತೆಳುಗೆಂಪಾಗಿ ಹೊಳೆಯುತ್ತಿತ್ತು. ಎಳೆದು ಬಿಡಿಸಲು ನೋಡಿದೆ. ಆಗ ಮಾತ್ರ ಅವಳು ಅತ್ತಳು. ನಾನೂ ಅತ್ತೆ, ದೊಡ್ಡವ್ವನ ಮುಂದೆಯೇ. ಆ ದಿನ ಆಕೆಯನ್ನು ಬೈಯಲು ನನಗೆ ಯಾವ ಮುಖವೂ ಉಳಿದಿರಲಿಲ್ಲ.

ಮರುದಿನ ಹುಡುಗಿಯನ್ನು ಗದಗಿಗೆ ಕರೆದುಕೊಂಡು ಹೊರಟೆ. ಅದೇ ಮುದುಕ ಶಿರಹಟ್ಟಿಯತನಕ ಚಕ್ಕಡಿ ಹೊಡೆದ. ದಾರಿಯ ಎರಡೂ ಕಡೆ ಬಿಳಿಜೋಳ ಬಿತ್ತುತ್ತಿದ್ದರು. ಎತ್ತಿನ ಹಿಂದೆ ಕೂರಿಗೆ, ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಹೆಣ್ಣುಮಕ್ಕಳು. ಹುಡುಗಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಸುಮ್ಮನಿರಲಾರದೆ ನಾನು ಮುದುಕನಿಗೆ ಸಮಜಾಯಿಷಿ ಕೊಡತೊಡಗಿದೆ: ನೂರಾ ಹನ್ನೊಂದು ಮಕ್ಕಳು, ಮೂರು ಸೀಮೆ, ನಾನು ಒಬ್ಬಳೇ.

ಅವನು ಬಿತ್ತುವವರ ಕಡೆ ಬಾರುಕೋಲು ತೋರಿಸಿ ಕೇಳಿದ: ‘ನಿಮಗ ಎಷ್ಟು ಕೂರಿಗಿ ಬರಕೊಟ್ಟಾರ್ರಿ?’

‘ಏನ್ ಹಂಗಂದ್ರ?’

‘ಎಕರೆ ಅನ್ನೂದು ಸರಕಾರದ ಅಳತಿರಿ. ಕೂರಿಗಿ ಅನ್ನೂದು ಎತ್ತಿನ ಅಳತಿ. ಒಂದ ಜೋಡಿ ಎತ್ತು ಹೊತ್ತು ಮುಣುಗೂದ್ರಾಗ ಎಷ್ಟು ಬಿತ್ತತಾವ, ಅಷ್ಟಕ್ಕ ಒಂದು ಕೂರಿಗಿ ಹೊಲ ಅಂತೀವಿ. ಎತ್ತಿನ್ನ ಕೇಳದ ನಾವು ಹೊಲಾ ಅಳಿಯಂಗಿಲ್ಲ. ಅದರಾಗೂ ಮಸಾರಿ ಹೊಲದ ಕೂರಿಗಿ ದೊಡ್ಡದು, ಹಗರ ಮಣ್ಣು. ಎರಿ ಹೊಲದ್ದು ಸಣ್ಣದು, ಎತ್ತಿಗೆ ಜಗ್ಗತೈತಿ. ಹೊಲ ಐತಿ ಅಂತ ಒಂದ ಜೋಡಿಗೆ ಹತ್ತು ಕೂರಿಗಿ ಹಚ್ಚಿದ್ರ ಏನಾಕ್ಕೈತಿ? ಎತ್ತೂ ಸಾಯ್ತಾವ, ಬೀಜಾನೂ ಮಣ್ಣಿನ ಮ್ಯಾಲ ಬೀಳತೈತಿ. ದೂರಿಂದ ನೋಡಿದ್ರ ಬಿತ್ತಿದಂಗ ಕಾಣತೈತ್ರಿ, ಅಷ್ಟ.’

ದೂರದಿಂದ ನೋಡಿದರೆ ಬಿತ್ತಿದ ಹಾಗೆ ಕಾಣುತ್ತದೆ. ನನ್ನ ದಿನಚರಿಯನ್ನು ಓದಲಾರದ ಮುದುಕ ನನ್ನ ದಿನಚರಿಯ ಬಗ್ಗೆ ಆಡಿದ ಮಾತು ಅದು.

ದವಾಖಾನೆಯ ಡಾಕ್ಟರು ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗಿನ ನರಗಳು ಗಿಡ್ಡಾಗಿಬಿಟ್ಟಿವೆ, ಮೊದಲ ತಿಂಗಳಲ್ಲೇ ತರಬೇಕಿತ್ತು ಎಂದರು. ತರಬೇಕಾಗಿದ್ದವರು ಯಾರು ಎಂದು ಕೇಳಲಿಲ್ಲ. ಅವಳಿಗೆ ಆ ಕೈ ಇನ್ನು ಹಾಗೆಯೇ.

ಅವಳನ್ನು ಆ ಮನೆಗೆ ಮರಳಿ ಕಳಿಸುವುದಿಲ್ಲ ಎಂದು ಕೋರ್ಟಿನಲ್ಲಿ ಹಟ ಹಿಡಿದೆ. ಹಾಗಾದರೆ ಎಲ್ಲಿಡುತ್ತೀರಿ ಎಂದು ಕೇಳಿದರು. ಮಕ್ಕಳಿಲ್ಲದ ಆ ಮುದುಕ, ಮುದುಕಿ ಬಂದು ನಿಂತರು. ‘ಮಗ್ಗಲ ಮನಿರಿ, ಕೂಸು ಗೋಡಿ ದಾಟಿ ಬಂದಂಗ ಆಕ್ಕೈತಿ, ಅಷ್ಟ’ ಅಂದ ಮುದುಕ. ಕೌದಿಯನ್ನು ಮುದುಕಿ ಮೊದಲೇ ಹೊಲಿದಿಟ್ಟಿದ್ದಳು.

ನಾನು ಸಾಹೇಬರಿಗೆ ಎಲ್ಲ ಬರೆದೆ. ಸಂತೆಯ ಭೇಟಿಗಳು ಭೇಟಿಗಳಲ್ಲ, ನನ್ನ ಆರಾಮಗಳು ಆರಾಮಗಳಲ್ಲ, ಶಿಕ್ಷೆ ಕೊಡಿ ಎಂದು ಬರೆದೆ. ಜೊತೆಗೆ ಇನ್ನೊಂದು ಹಾಳೆ. ಅದರಲ್ಲಿ ನೂರಾ ಹನ್ನೊಂದು ಮಕ್ಕಳನ್ನೂ ಎರಡು ಸಾಲು ಮಾಡಿದ್ದೆ: ಮಸಾರಿ, ಎರೆ. ಮನೆ ಹತ್ತಿರವಿದ್ದು, ಉಂಡು ಶಾಲೆಗೆ ಹೋಗುತ್ತಿರುವ ಮಕ್ಕಳು ಮಸಾರಿ. ದೂರದವು, ರೋಗದವು, ಏಟು ತಿನ್ನುವವು, ಓಡಿಹೋಗುವವು ಎರೆ. ಮಸಾರಿಯ ಮಕ್ಕಳನ್ನು ಒಂದು ದಿನಕ್ಕೆ ನಾಲ್ಕು ಮುಟ್ಟಿ ಬರಬಹುದು. ಎರೆಯ ಒಂದು ಮಗುವಿಗೆ ಒಂದು ದಿನ, ಕೆಲವಕ್ಕೆ ಎರಡು ದಿನ. ಹೀಗೆ ಕೂಡಿಸಿದರೆ ಒಬ್ಬರ ಕೈಯಲ್ಲಿ ತಿಂಗಳಿಗೆ ಎಷ್ಟು ಕೂರಿಗೆ ಮಕ್ಕಳು ಆಗುತ್ತಾರೋ ಅಷ್ಟೇ ಕೊಡಿ, ಉಳಿದವರಿಗೆ ಬೇರೆಯವರನ್ನು ನೇಮಿಸಿ ಎಂದು ಬೇಡಿಕೊಂಡಿದ್ದೆ.

ಸಾಹೇಬರು ಕರೆಸಿದರು. ನನ್ನ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ನಗುತ್ತಿದ್ದರು. ‘ನಿಮ್ಮನ್ನು ಮಕ್ಕಳನ್ನು ನೋಡಲು ಇಟ್ಟಿದ್ದೇವೆ ಬಾಯಿಸಾಹೇಬ, ಹೊಲ ಅಳೆಯಲು ಅಲ್ಲ.’ ಆಮೇಲೆ ದನಿ ತಗ್ಗಿಸಿ, ‘ಆ ತಪ್ಪೊಪ್ಪಿಗೆಯ ಪತ್ರ ವಾಪಸು ತಗೊಳ್ಳಿ. ಮೇಲಿನವರು ನೋಡಿದರೆ ನಿಮ್ಮ ನೌಕರಿ ಹೋಗುತ್ತದೆ. ದಿನಚರಿ ಚೊಕ್ಕ ಇದೆ, ಹಾಗೇ ಇರಲಿ’ ಅಂದರು. ದಯೆಯಿಂದಲೇ ಹೇಳಿದರು. ನಾನು ವಾಪಸು ತೆಗೆದುಕೊಳ್ಳಲಿಲ್ಲ. ನೌಕರಿಯೂ ಹೋಗಲಿಲ್ಲ. ಆ ಪತ್ರವನ್ನು ಮೇಲಿನವರು ಯಾರೂ ಓದಲೇ ಇಲ್ಲ ಎಂದು ಕಾಣುತ್ತದೆ.

ಮುಂದಿನ ವರ್ಷಗಳಲ್ಲಿ ನಾನು ಸಂತೆ ಭೇಟಿ ಬರೆಯಲಿಲ್ಲ. ಹೋಗದ ಮನೆಯ ಎದುರು ‘ಹೋಗಿಲ್ಲ’ ಎಂದು ಬರೆದೆ. ತಿಂಗಳು ತಿಂಗಳು ಎಪ್ಪತ್ತು ‘ಹೋಗಿಲ್ಲ’. ಮೆಮೊ ಬರುತ್ತಿದ್ದವು, ಉತ್ತರವಾಗಿ ಕೂರಿಗೆಯ ಹಾಳೆ ಕಳಿಸುತ್ತಿದ್ದೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ‘ಹೋಗಿಲ್ಲ’ ಎಂದು ಬರೆದ ಮಕ್ಕಳಲ್ಲಿ ಮುಂಡರಗಿ ಕಡೆಯ ಒಂದು ಕೂಸು ಕಾಲರಾಕ್ಕೆ ಹೋಯಿತು, ನನಗೆ ತಿಳಿದದ್ದು ತಿಂಗಳಾದ ಮೇಲೆ. ನಿಜ ಬರೆದರೆ ಮಕ್ಕಳು ಬದುಕುತ್ತಾರೆ ಎಂದೇನೂ ಇಲ್ಲ. ನನ್ನ ಮನಸ್ಸಿಗೆ ಅಷ್ಟು ಹಗುರ, ಬೇರೇನಿಲ್ಲ.

ಬೆಳ್ಳಟ್ಟಿಯನ್ನು ಮಾತ್ರ ತಪ್ಪಿಸಲಿಲ್ಲ. ಅದೂ ಅನ್ಯಾಯವೇ, ಒಬ್ಬಳಿಗಾಗಿ ಇನ್ನೊಬ್ಬರ ದಿನ ಕದಿಯುವುದು. ಹುಡುಗಿ ಎಡಗೈಯಲ್ಲಿ ಬರೆಯಲು ಕಲಿತಳು. ಎಡಗೈಯಲ್ಲೇ ಉಣ್ಣುತ್ತಿದ್ದಳು, ಆದ್ದರಿಂದ ಊರಿನ ಮದುವೆ, ಮುಂಜಿಗಳಲ್ಲಿ ಅವಳನ್ನು ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ, ಬಾಗಿಲ ಹಿಂದೆ ಎಲೆ ಹಾಕುತ್ತಿದ್ದರು. ಒಂದೆರಡು ಸಲದ ಮೇಲೆ ಅವಳು ಹೋಗುವುದನ್ನೇ ಬಿಟ್ಟಳು. ನನ್ನ ಜೊತೆ ಮಾತಾಡುತ್ತಿದ್ದಳು, ನಗುತ್ತಿದ್ದಳು ಕೂಡ. ಹೊರಡುವಾಗ ನಾನು ಬರ್ತೀನವಾ ಅಂದರೆ ಯಾವಾಗ ಎಂದು ಮತ್ತೆಂದೂ ಕೇಳಲಿಲ್ಲ. ಕೇಳುವುದಿಲ್ಲವಲ್ಲ ಎಂದು ನನಗೆ ನೋವಾಗುತ್ತಿತ್ತು.

ಏಕೀಕರಣವಾಯಿತು. ಗದಗಿನಲ್ಲಿ ಆ ದಿನ ಮೆರವಣಿಗೆ ಹೊರಟಾಗ ನಾನೂ ನಡೆದೆ, ಕೂಗಿದೆ, ಗಂಟಲು ಕೂತುಹೋಯಿತು. ನಮ್ಮ ಕಾಗದಪತ್ರಗಳು ಗಂಟು ಕಟ್ಟಿಕೊಂಡು ಮುಂಬಯಿಯಿಂದ ಬೆಂಗಳೂರಿಗೆ ತಿರುಗಿದವು. ಕೆಲವು ತಿಂಗಳಾದ ಮೇಲೆ ಹೊಸ ಸಾಹೇಬರು ಬಂದರು. ಹಾವೇರಿ ಕಡೆಯ ಒಕ್ಕಲು ಮನೆತನದವರು. ನನ್ನ ಹಾಳೆಯನ್ನು ಓದಿ ಅವರು ನಗಲಿಲ್ಲ. ‘ಬಾಯಾರ, ಈ ಬೆಳ್ಳಟ್ಟಿ ಸೀಮಿ ಎರಿನೋ ಮಸಾರಿನೋ?’ ಎಂದು ಒಂದೇ ಪ್ರಶ್ನೆ ಕೇಳಿದರು. ಎಂಟು ವರ್ಷಗಳಲ್ಲಿ ವಿವರಿಸಲಾರದ್ದನ್ನು ಆ ಮನುಷ್ಯನಿಗೆ ವಿವರಿಸುವ ಪ್ರಮೇಯವೇ ಬರಲಿಲ್ಲ. ಕಚೇರಿಯಿಂದ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಅತ್ತೆ.

ವರ್ಷ ತಿರುಗುವುದರೊಳಗೆ ನಿಯಮ ಬಂತು. ಒಬ್ಬರು ತಿಂಗಳಲ್ಲಿ ನಿಜವಾಗಿ ಮನೆಗೆ ಹೋಗಿ ನೋಡಬಲ್ಲಷ್ಟೇ ಮಕ್ಕಳು. ಕಷ್ಟದ ಮಗುವನ್ನು ಮೂರಾಗಿ ಎಣಿಸಬೇಕು. ಸಂತೆಯಲ್ಲಿ ಕಂಡದ್ದು ಭೇಟಿಯಲ್ಲ. ಕೂರಿಗೆ ಎಂಬ ಮಾತು ಅದರಲ್ಲಿರಲಿಲ್ಲ, ಬೇಡ ಬಿಡಿ. ಮುಂಡರಗಿಗೆ ಒಬ್ಬರು, ಶಿರಹಟ್ಟಿ ಲಕ್ಷ್ಮೇಶ್ವರಕ್ಕೆ ಒಬ್ಬರು ನೇಮಕವಾದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂದು ನಾನು ಆಡಿಕೊಂಡೆ, ಆದರೆ ಒಳಗೊಳಗೆ ಹಿಗ್ಗಿದ್ದೆ. ನನಗೆ ಉಳಿದದ್ದು ಗದಗ, ಬೆಟಗೇರಿ, ಹುಲಕೋಟಿ. ಆ ಸಂತೋಷದಲ್ಲಿ ಒಂದು ವಾರದವರೆಗೆ ನನಗೆ ತಟ್ಟಲೇ ಇಲ್ಲ, ಬೆಳ್ಳಟ್ಟಿ ಇನ್ನು ನನ್ನದಲ್ಲ. ಪಟ್ಟಿಯ ಹೊರಗಿನ ಮಗುವಿನ ಮನೆಗೆ ಹೋಗಕೂಡದು ಎಂಬುದೂ ಆ ನಿಯಮದಲ್ಲೇ ಇತ್ತು. ಒಬ್ಬಳಿಗಾಗಿ ಇನ್ನ್ಯಾರದೋ ದಿನ ಕದಿಯಬಾರದು ಎಂದು ಅದನ್ನು ಸೇರಿಸಲು ಹೇಳಿದವಳು ನಾನೇ.

ಹೇಳಿ ಬರಲು ಕೊನೆಯ ಸಲ ಹೋದೆ. ಹುಡುಗಿಗೆ ಆಗ ಹದಿನಾರರ ಹತ್ತಿರ. ಒಲೆಯ ಮುಂದೆ ಕೂತು ರೊಟ್ಟಿ ಮಾಡುತ್ತಿದ್ದಳು. ಬಿಚ್ಚದ ಮುಷ್ಟಿಯಿಂದ ಹಿಟ್ಟು ಅದುಮುವುದು, ಎಡ ಅಂಗೈಯಿಂದ ತಟ್ಟಿ ಅಗಲಿಸುವುದು. ರೊಟ್ಟಿ ಚಂದ್ರನ ಹಾಗೆ ಗುಂಡಗೆ ಬರುತ್ತಿತ್ತು. ಮುದುಕಿ ನನಗೆ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಟ್ಟಳು. ಉಂಡ ಮೇಲೆ ಹೇಳಿದೆ.

‘ಇನ್ನ ಮ್ಯಾಲೆ ಈ ಕಡೆ ಹೊಸಬರು ಬರ್ತಾರವಾ. ಛಲೋ ಹೆಣ್ಣುಮಗಳು. ತಿಂಗಳಿಗೊಮ್ಮೆ ಖರೇನ ಬರ್ತಾಳ, ತಪ್ಪಸಂಗಿಲ್ಲ.’

‘ಮತ್ತ ನೀವು?’

‘ನನಗ ಗದಗ, ಬೆಟಗೇರಿ, ಹುಲಕೋಟಿ ಅಷ್ಟ.’

‘ಛಲೋ ಆತ್ರಿ,’ ಅಂದಳು. ‘ನಿಮಗ ಹೊರಿ ಭಾಳ ಆಗಿತ್ತು.’

ವ್ಯಂಗ್ಯವಿದೆಯೇ ಎಂದು ಮುಖ ನೋಡಿದೆ, ಇರಲಿಲ್ಲ. ಎದ್ದೆ. ಚಪ್ಪಲಿ ಮೆಟ್ಟಿದೆ. ಅವಳು ಹೊಸ್ತಿಲತನಕ ಬಂದಳು. ಅಭ್ಯಾಸದ ಬಾಯಿ, ‘ಬರ್ತೀನ...’ ಎಂದು ತಾನೇ ತೆರೆದುಕೊಂಡಿತು. ಅವಳು ಮುಷ್ಟಿಯ ಕೈ ಎತ್ತಿ ನನ್ನನ್ನು ತಡೆದಳು.

‘ಅಕ್ಕಾರ, ಬರ್ತೀನಿ ಅನಬ್ಯಾಡ್ರಿ.’

‘ಯಾಕವಾ?’

‘ನಾ ಮತ್ತ ಅಗಸ್ಯಾಗ ಹೋಗಿ ಕುಂದರ್ತೀನಿ.’ ಹಿಟ್ಟು ಹತ್ತಿದ ಮುಷ್ಟಿಯನ್ನು ಸೆರಗಿಗೆ ಒರೆಸಿಕೊಂಡಳು. ‘ದೊಡ್ಡಾಕಿ ಆಗೀನಿ, ಗೊತ್ತಾಗತೈತಿ. ಆದರೂ ಕುಂದರ್ತೀನಿ. ಹೋಗ್ತೀನಿ ಅನ್ರಿ.’

ಒಳಗಿನಿಂದ ಮುದುಕಿ ಕೂಗಿದಳು, ‘ಥೂ, ಬಿಡ್ತು ಅನ್ನ! ಹೊಸ್ತಿಲದಾಗ ನಿಂತು ಏನ್ ಮಾತಾಡ್ತಿ!’

ಹುಡುಗಿ ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಎಂಟು ವರ್ಷದವಳಿದ್ದಾಗ ನೋಡಿದ ಹಾಗೆಯೇ.

‘ಹೋಗ್ತೀನವಾ,’ ಅಂದೆ.

ಅವಳು ಹೂಂ ಎಂದು ತಲೆಯಾಡಿಸಿ, ಹಂಚಿನ ಮೇಲೆ ಬಿಟ್ಟು ಬಂದಿದ್ದ ರೊಟ್ಟಿ ತಿರುವಿ ಹಾಕಲು ಒಳಗೆ ಹೋದಳು.